ಕೊಡಗಿನ ಕಾಡು: ಭೂಹಿಡುವಳಿಯ ಚರಿತ್ರೆ ಮತ್ತು ಅರಣ್ಯದ ವಿಚ್ಛಿನ್ನತೆ

ಅರಣ್ಯಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ಹಿಂದೆ ಎಷ್ಟು ಕಾಡಿದ್ದಿತು, ಈಗ ಎಷ್ಟು ಉಳಿದಿದೆ? ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ ದೊರೆಯುವ ಉತ್ತರವು ಎಕರೆಗಳ ಲೆಕ್ಕದಲ್ಲಿರುತ್ತದೆ, ಮತ್ತು ಎಕರೆಗಳ ಲೆಕ್ಕವು ಕಾಡಿನ ವಿಸ್ತಾರವನ್ನು ಹೇಳುವುದೇ ಹೊರತು ಅದರ ಆಕಾರವನ್ನು ಹೇಳುವುದಿಲ್ಲ. ಒಂದೇ ಹಾಸಾಗಿರುವ ಹತ್ತು ಸಾವಿರ ಎಕರೆ ಕಾಡೂ, ಹತ್ತು ಹತ್ತು ಎಕರೆಗಳ ಸಾವಿರ ತುಂಡುಗಳಾಗಿ ಹರಡಿರುವ ಕಾಡೂ ಕಂದಾಯದ ಪುಸ್ತಕದಲ್ಲಿ ಸಮಾನವೇ. ನೆಲದ ಮೇಲೆ ಅವು ಸಮಾನವಲ್ಲ. ಎರಡನೆಯದರಲ್ಲಿ ಆನೆ ಸಂಚರಿಸಲಾರದು, ದೊಡ್ಡ ಬೀಜದ ಮರಗಳು ಹರಡಲಾರವು, ನೆರಳಿನಲ್ಲಿ ಮಾತ್ರ ಬೆಳೆಯತಕ್ಕ ಸಸಿಗಳು ಅಂಚಿನ ಬಿಸಿಲು ಗಾಳಿಗಳಿಗೆ ಸಿಕ್ಕಿ ನಾಶವಾಗುತ್ತವೆ. ಆದುದರಿಂದ ಕಾಡು ಎಷ್ಟು ಕಡಮೆಯಾಯಿತು ಎಂಬುದರ ಜೊತೆಗೆ ಅದು ಹೇಗೆ, ಯಾವ ರೇಖೆಗಳ ಉದ್ದಕ್ಕೆ, ಯಾವ ಕಾಲದಲ್ಲಿ ತುಂಡಾಯಿತು ಎಂಬುದನ್ನೂ ಚರಿತ್ರಕಾರನು ವಿಚಾರಿಸಬೇಕು.

ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಕೊಡಗಿನ ವಿಷಯದಲ್ಲಿ ಕೇಳಲು ಯತ್ನಿಸಿದ್ದೇವೆ. ಕೊಡಗನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಹಸುರಿನಿಂದ ತುಂಬಿದ ಈ ಜಿಲ್ಲೆಯನ್ನು ನೋಡಿದವರಿಗೆ ಇಲ್ಲಿ ಕಾಡು ಒಡೆದಿದೆಯೆಂದು ಹೇಳಿದರೆ ನಂಬಿಕೆಯಾಗುವುದು ಕಷ್ಟ. ಮರವಿಲ್ಲದ ಬೆಟ್ಟಗಳು ಇಲ್ಲಿ ವಿರಳ. ಆದರೂ ಇಲ್ಲಿಯ ಕಾಡು ಒಡೆದಿದೆ. ಒಡೆಯುವ ಕೆಲಸವನ್ನು ಕೊಡಲಿಗಿಂತ ಮೊದಲು ಮಾಡಿದುದು ಭೂಮಿಗೆ ಇಟ್ಟ ಹೆಸರುಗಳು, ಆ ಹೆಸರುಗಳಿಗೆ ಅಂಟಿಕೊಂಡ ಕಂದಾಯದ ದರಗಳು ಮತ್ತು ಮರದ ಮೇಲಣ ಹಕ್ಕುಗಳು. ಇದು ನಮ್ಮ ಮುಖ್ಯ ಪ್ರತಿಪಾದನೆ.

ಮೊದಲು ನೆಲದ ಸ್ವರೂಪವನ್ನು ಸಂಕ್ಷೇಪವಾಗಿ ನೋಡೋಣ. ಕೊಡಗಿನ ವಿಸ್ತೀರ್ಣ ಸುಮಾರು ೪,೧೦೦ ಚದರ ಕಿಲೋಮೀಟರು. ಪಶ್ಚಿಮದಲ್ಲಿ ಬ್ರಹ್ಮಗಿರಿಯಿಂದ ಪುಷ್ಪಗಿರಿಯವರೆಗೆ ಹಬ್ಬಿದ ಘಟ್ಟದ ನೆತ್ತಿ; ಅಲ್ಲಿ ಮಳೆ ಅತ್ಯಧಿಕ, ಕಾಡು ನಿತ್ಯಹರಿದ್ವರ್ಣ. ಪೂರ್ವದಲ್ಲಿ ಮೈಸೂರು ಪ್ರಸ್ಥಭೂಮಿಯ ಕಡೆಗೆ ಇಳಿಯುವ ಸೀಮೆ. ಅಲ್ಲಿ ಬಿದಿರು, ತೇಗ, ಮತ್ತಿ, ಬೀಟೆಗಳ ಎಲೆಯುದುರುವ ಕಾಡು. ಇವೆರಡರ ನಡುವೆ ಗುಡ್ಡ ಮತ್ತು ಕಣಿವೆಗಳು ಹೆಣೆದುಕೊಂಡಿರುವ ಮಧ್ಯಪ್ರದೇಶ; ಜನವಸತಿ, ಗದ್ದೆ, ತೋಟಗಳೆಲ್ಲ ಬಹುಮಟ್ಟಿಗೆ ಇಲ್ಲಿಯೇ. ಪಶ್ಚಿಮದ ಕಾಡಿಗೂ ಪೂರ್ವದ ಕಾಡಿಗೂ ಇದ್ದ ಸೇತುವೆ ಈ ಮಧ್ಯಪ್ರದೇಶ. ನಮ್ಮ ಕಥೆಯೆಲ್ಲ ಈ ಸೇತುವೆಗೆ ಏನಾಯಿತು ಎಂಬುದರ ಕಥೆಯೇ ಆಗಿದೆ.

ಬ್ರಿಟಿಷರು ಬರುವುದಕ್ಕೆ ಮುಂಚೆ ಕೊಡಗಿನ ಕಾಡು ಮನುಷ್ಯನ ಕೈ ಸೋಂಕದ ಮಹಾರಣ್ಯವಾಗಿತ್ತೆಂಬ ಕಲ್ಪನೆ ನಮ್ಮಲ್ಲಿ ಕೆಲವರಿಗೆ ಇದೆ. ಅದು ಸರಿಯಲ್ಲ. ಕಣಿವೆಗಳ ತಳದಲ್ಲಿ ಗದ್ದೆಗಳು ಹಾವಿನಂತೆ ಬಳಸಿ ಹರಿದಿದ್ದವು. ನಾಡಿನಿಂದ ನಾಡಿಗೆ ಗಡಿಯಾಗಿಯೂ ರಕ್ಷಣೆಯಾಗಿಯೂ ತೋಡಿದ ಕಡಂಗಗಳೆಂಬ ಆಳವಾದ ಕಂದಕಗಳು ಗುಡ್ಡಗಳ ಮೇಲೆ ಮೈಲಿಗಟ್ಟಲೆ ಸಾಗಿದ್ದವು. ಅವುಗಳ ಅವಶೇಷಗಳನ್ನು ಈಗಲೂ ತೋಟಗಳ ನಡುವೆ ಕಾಣಬಹುದು. ಕುಮರಿ ಬೇಸಾಯವೂ ಇದ್ದಿತು. ಘಟ್ಟದ ನೆತ್ತಿಯ ಕಾಡಿನಲ್ಲಿ ಏಲಕ್ಕಿಯ ಮಲೆಗಳಿದ್ದವು: ದೊಡ್ಡ ಮರವೊಂದನ್ನು ಉರುಳಿಸಿ ಬೆಳಕಿಗೆ ಕಿಂಡಿ ಮಾಡಿದರೆ, ನೆಲದಲ್ಲಿ ಹುದುಗಿದ್ದ ಏಲಕ್ಕಿ ತಾನಾಗಿಯೇ ಮೊಳೆತು ಬರುತ್ತಿತ್ತು. ಆದರೆ ಈ ಬಗೆಯ ಬಳಕೆಗಳಿಗೆಲ್ಲ ಒಂದು ಸಾಮಾನ್ಯ ಲಕ್ಷಣವಿದ್ದಿತು. ಅವು ಕಾಡಿನಲ್ಲಿ ಕಿಂಡಿಗಳನ್ನು ಕೊರೆದುವೇ ಹೊರತು ಕಾಡನ್ನು ದ್ವೀಪಗಳನ್ನಾಗಿ ಮಾಡಲಿಲ್ಲ. ಕಾಡು ಬಟ್ಟೆಯಾಗಿತ್ತು, ಸಾಗುವಳಿ ಅದರ ಮೇಲಣ ಚುಕ್ಕೆಯಾಗಿತ್ತು. ಈಗ ಚುಕ್ಕೆ ಯಾವುದು, ಬಟ್ಟೆ ಯಾವುದು ಎಂಬುದು ಅದಲುಬದಲಾಗಿದೆ.

ಈ ವ್ಯವಸ್ಥೆಯ ಲಿಖಿತ ದಾಖಲೆ ಲಿಂಗರಾಜೇಂದ್ರನ ಶಿಸ್ತು. ೧೮೧೨ರಲ್ಲಿ ಸಿದ್ಧವಾದ ಈ ದಾಖಲೆಯಲ್ಲಿ ಗದ್ದೆಗಳನ್ನೂ ಅವುಗಳಿಗೆ ಸೇರಿದ ನೆಲವನ್ನೂ ಎಲ್ಲೆಕಟ್ಟು ಸಹಿತ ಬರೆಯಿಸಲಾಯಿತು. ಕೊಡಗಿನ ಭೂವರ್ಗಗಳ ಹೆಸರುಗಳು ಹೊರಗಿನವರಿಗೆ ಅಪರಿಚಿತವಾದುದರಿಂದ ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯಕ. ಸೈನಿಕ ಸೇವೆಗೆ ಪ್ರತಿಯಾಗಿ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಗದ್ದೆ ಜಮ್ಮಾ. ಅದಕ್ಕೆ ಅರ್ಧ ಕಂದಾಯ. ಪೂರ್ಣ ಕಂದಾಯ ತೆರುವ ಭೂಮಿ ಸಾಗು. ಯಾರ ಹಿಡುವಳಿಗೂ ಸೇರದ ಸರಕಾರಿ ನೆಲ ಪೈಸಾರಿ. ಊರವರೆಲ್ಲರ ಉಪಯೋಗಕ್ಕೆ ಬಿಟ್ಟ ಕುರುಚಲು ಊರುಡುವೆ. ದೇವತೆಗಳ ಹೆಸರಿನಲ್ಲಿ ಬಿಟ್ಟುದು ದೇವರಕಾಡು. ಇವೆಲ್ಲಕ್ಕಿಂತ ನಮ್ಮ ಪ್ರಸ್ತುತಕ್ಕೆ ಮುಖ್ಯವಾದುದು ಬಾಣೆ.

ಬಾಣೆಯೆಂದರೆ ಗದ್ದೆಗೆ ಅಂಟಿಕೊಂಡಿರುವ ಮರಗಾಡು ಗುಡ್ಡ. ಗದ್ದೆಗೆ ಸೊಪ್ಪು, ದನಕ್ಕೆ ಮೇವು, ಮನೆಗೆ ಸೌದೆ, ಉಪಕರಣಕ್ಕೆ ಮರ ಒದಗಿಸುವುದು ಅದರ ಕೆಲಸ. ಗದ್ದೆಯ ಸೇವೆಯಲ್ಲಿರುವವರೆಗೂ ಅದಕ್ಕೆ ಬೇರೆ ಕಂದಾಯವಿಲ್ಲ. ಗದ್ದೆಯಿಂದ ಬೇರ್ಪಡಿಸಿ ಅದನ್ನು ಪರಭಾರೆ ಮಾಡುವಂತಿಲ್ಲ. ಬೇಸಾಯದ ಅರ್ಥಶಾಸ್ತ್ರವೇ ಇಲ್ಲಿ ಕಾಡನ್ನು ಕಾಯುತ್ತಿತ್ತೆಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಭಕ್ತಿಯಿಂದಲೋ ವನಪ್ರೇಮದಿಂದಲೋ ಬಾಣೆಯ ಮರಗಳು ಉಳಿದುವೆಂದು ಹೇಳುವುದು ಭಾವುಕತೆಯಾದೀತು. ಸೊಪ್ಪಿಲ್ಲದೆ ಗದ್ದೆಯಿಲ್ಲ, ಮರವಿಲ್ಲದೆ ಸೊಪ್ಪಿಲ್ಲ. ಗದ್ದೆಗಳು ಒಂದರ ಪಕ್ಕದಲ್ಲಿ ಒಂದಿದ್ದಂತೆ ಅವುಗಳ ಬಾಣೆಗಳೂ ಒಂದಕ್ಕೊಂದು ತಾಗಿಕೊಂಡಿದ್ದವು. ಹೀಗಾಗಿ ಖಾಸಗಿ ಹಿಡುವಳಿಯ ನೂರಾರು ಬಾಣೆಗಳು ಸೇರಿ ಮಧ್ಯಪ್ರದೇಶದಲ್ಲಿ ಒಂದು ಅಖಂಡವಾದ ಮರಗಾಡನ್ನು ಉಂಟುಮಾಡಿದ್ದವು. ಯಾರೂ ಯೋಜಿಸದೆ ಆದ ಅಖಂಡತೆ ಅದು.

೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಹಳೆಯ ಭೂವರ್ಗಗಳನ್ನು ಅವರು ತತ್‌ಕ್ಷಣ ಅಳಿಸಿಹಾಕಲಿಲ್ಲ, ಬಹುಮಟ್ಟಿಗೆ ಉಳಿಸಿಕೊಂಡರು. ಆದರೆ ರಾಜರ ಕಾಲದಲ್ಲಿ ಕೇವಲ ‘ಉಳಿದ ನೆಲ’ವಾಗಿದ್ದ ಪೈಸಾರಿಯು ಅವರ ಕೈಯಲ್ಲಿ ‘ಕೊಡಬಹುದಾದ ನೆಲ’ವಾಯಿತು. ೧೮೫೪ರಲ್ಲಿ ಫೌಲರ್ ಎಂಬ ಐರೋಪ್ಯನು ಮಡಿಕೇರಿಯ ಬಳಿಯಲ್ಲಿ ಕಾಫಿ ತೋಟವನ್ನು ಪ್ರಾರಂಭಿಸಿದನು. ಕೊಡಗಿನಲ್ಲಿ ಕಾಫಿ ಗಿಡ ಅದಕ್ಕೂ ಮುಂಚೆ ಅಲ್ಲಲ್ಲಿ ಹಿತ್ತಿಲಲ್ಲಿ ಇದ್ದಿತಾದರೂ ತೋಟವೆಂಬ ಹೊಸ ಬಗೆಯ ಭೂಬಳಕೆ ಅಂದಿನಿಂದ ಆರಂಭವಾಯಿತೆನ್ನಬಹುದು. ಮುಂದಿನ ಹದಿನೈದು ವರ್ಷಗಳಲ್ಲಿ ಐರೋಪ್ಯ ತೋಟಗಾರರು ಮೊದಲು ಘಟ್ಟದ ನೆತ್ತಿಯ ತಂಪು ಇಳಿಜಾರುಗಳನ್ನೂ, ಅನಂತರ ಪೂರ್ವದ ಬಿದಿರಿನ ಸೀಮೆಯನ್ನೂ ಹಿಡಿದರು.

ಪ್ರಾರಂಭದ ತೋಟಗಾರರು ಕಾಡನ್ನು ಬುಡಸಹಿತ ಕಡಿದು, ಸುಟ್ಟು, ಬಯಲಿನಲ್ಲಿ ಕಾಫಿ ನೆಟ್ಟರು. ೧೮೬೦ರ ದಶಕದ ಉತ್ತರಾರ್ಧದಲ್ಲಿ ಕಾಂಡಕೊರೆಯುವ ಹುಳು ಬಿದ್ದು ಈ ತೋಟಗಳು ಸಾಲುಸಾಲಾಗಿ ಒಣಗಿದುವು. ಇದನ್ನು ವಿಚಾರಿಸಲು ಮದರಾಸು ಸರಕಾರದ ಕಡೆಯಿಂದ ಬಂದ ವೈದ್ಯ ಜಾರ್ಜ್ ಬಿಡೀ ೧೮೬೯ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ನೆರಳನ್ನು ತೆಗೆದುದೇ ಹಾನಿಗೆ ಒಂದು ಪ್ರಧಾನ ಕಾರಣವೆಂದೂ ತೋಟಗಳಲ್ಲಿ ನೆರಳು ಮರಗಳು ಇರಬೇಕೆಂದೂ ಅವನು ಅಭಿಪ್ರಾಯಪಟ್ಟನು. ಕೊಡಗಿನ ಭೂದೃಶ್ಯದ ಚರಿತ್ರೆಯಲ್ಲಿ ಇದು ಒಂದು ತಿರುವು. ಇದರ ತರುವಾಯ ಕಾಫಿ ಮರಗಳ ಕೆಳಗೆ ಬೆಳೆಯತೊಡಗಿತು; ಕೊಡಗು ಇಂದಿಗೂ ದೂರದಿಂದ ಕಾಡಿನಂತೆ ಕಾಣುವುದಕ್ಕೆ ಈ ಬದಲಾವಣೆಯೇ ಕಾರಣ. ಒಂದು ಹುಳುವಿಗೆ ಕೊಡಗಿನ ಹಸುರು ಇಷ್ಟು ಋಣಿಯಾಗಿರುವುದು ವಿನೋದವೇ ಸರಿ. ಆದರೆ ಮೇಲಿನ ಹಂದರ ಉಳಿದ ಮಾತ್ರಕ್ಕೆ ಕಾಡು ಉಳಿಯಿತೆಂದಲ್ಲ. ಕಾಫಿಯ ಕೆಳಗೆ ಕಳೆ ತೆಗೆಯುವಾಗ ಮರದ ಸಸಿಯೂ ಹೋಗುತ್ತದೆ. ನಿಂತ ಮರ ಮುದಿಯಾಗಿ ಬಿದ್ದಾಗ ಅದರ ಸ್ಥಾನಕ್ಕೆ ಬರಲು ಅದರ ಸಂತಾನವಿರುವುದಿಲ್ಲ. ಬರುವುದು ತೋಟದ ಯಜಮಾನನು ಆರಿಸಿದ ಮರ.

ಕಡಿದಾದ ಘಟ್ಟಗಳಲ್ಲಿ ಮಾಡಿದ ಕೆಲವು ತೋಟಗಳು ಈ ನಡುವೆ ಕೈಬಿಡಲ್ಪಟ್ಟುವು. ಅಲ್ಲಿ ಮರಳಿ ಕಾಡು ಬರಲಿಲ್ಲ, ಲಂಟಾನ ಬಂದಿತು. ಅದರ ಹಾವಳಿಯು ಎಷ್ಟಾಯಿತೆಂದರೆ, ೧೯೧೪ರಲ್ಲಿ ಕೊಡಗಿಗಾಗಿಯೇ ಹಾನಿಕರ ಕಳೆಗಳ ನಿಬಂಧನೆಯೊಂದನ್ನು ಹೊರಡಿಸಬೇಕಾಯಿತು.

ಇದೇ ಕಾಲದಲ್ಲಿ ಸರಕಾರವು ಪಶ್ಚಿಮದ ಘಟ್ಟವನ್ನೂ ಪೂರ್ವದ ತೇಗದ ಸೀಮೆಯನ್ನೂ ಮೀಸಲು ಅರಣ್ಯಗಳನ್ನಾಗಿ ಗೆರೆ ಹಾಕಿ ಪ್ರತ್ಯೇಕಿಸಿತು. ಪೂರ್ವದ ಮೀಸಲಿನೊಳಗೆ ನಾಗರಹೊಳೆಯ ಸುತ್ತಮುತ್ತ ಸಹಜವಾದ ಕಾಡನ್ನು ಕಡಿದು ತೇಗದ ನೆಡುತೋಪುಗಳನ್ನು ಎಬ್ಬಿಸಲಾಯಿತು. ಜೇನುಕುರುಬರೇ ಮೊದಲಾದವರು ತಾವು ಹುಟ್ಟಿ ಬೆಳೆದ ಕಾಡಿನಲ್ಲಿ ಅನುಮತಿಯಿಂದ ವಾಸಿಸುವವರಾದರು. ಅವರ ಕಥೆ ಪ್ರತ್ಯೇಕವಾದ ಲೇಖನವನ್ನೇ ಬೇಡುತ್ತದೆ. ಇಲ್ಲಿ ಹೇಳಬೇಕಾದ ಮಾತು ಇಷ್ಟೇ: ಎರಡು ಅಂಚುಗಳಲ್ಲಿ ಗೆರೆ ಎಳೆದೊಡನೆ, ನಡುವಣ ಪ್ರದೇಶ ಕಾಡಲ್ಲವೆಂಬ ಅರ್ಥ ತಾನಾಗಿಯೇ ಹುಟ್ಟಿತು. ಮೀಸಲಿನ ಗೆರೆ ಒಳಗಿನದನ್ನು ಕಾಯುವಂತೆ ಹೊರಗಿನದನ್ನು ಬಿಟ್ಟುಕೊಡುತ್ತದೆ.

ನಡುವಣ ಪ್ರದೇಶದಲ್ಲಿ ಆಗ ಉಳಿದುದು ಬಾಣೆ ಮತ್ತು ದೇವರಕಾಡು. ಇವೆರಡರ ಗತಿಯೂ ಬೇರೆ ಬೇರೆ ರೀತಿಯಲ್ಲಿ ಬೋಧಪ್ರದವಾಗಿದೆ.

ಬಾಣೆಯಲ್ಲಿ ಕಾಫಿ ಹಾಕಲು ರೈತರಿಗೆ ಅವಕಾಶ ದೊರೆಯಿತು. ಒಂದು ಮಿತಿಯವರೆಗೆ ಕಂದಾಯವಿಲ್ಲದೆ, ಮೀರಿದರೆ ಕಂದಾಯ ತೆತ್ತು. ೧೮೯೯ರ ಕೊಡಗು ಭೂಕಂದಾಯ ನಿಬಂಧನೆಯು ಬಾಣೆಯನ್ನು ಗದ್ದೆಯ ಸೇವಕನೆಂದೇ ವಿವರಿಸಿತಾದರೂ, ನೆಲದ ಮೇಲೆ ಸೇವಕನು ಯಜಮಾನನಾಗುವ ಕಾಲ ಸಮೀಪಿಸುತ್ತಿತ್ತು. ಇಲ್ಲಿ ಮರದ ಮೇಲಣ ಹಕ್ಕಿನ ಪ್ರಶ್ನೆ ಬರುತ್ತದೆ. ಮರದ ಬೆಲೆಯನ್ನು ಸರಕಾರಕ್ಕೆ ತೆತ್ತು ಬಿಡಿಸಿಕೊಳ್ಳದ ಹಿಡುವಳಿಯಲ್ಲಿ ನೆಲ ರೈತನ ಅನುಭವದಲ್ಲಿದ್ದರೂ ಮರ ಸರಕಾರದ್ದು. ತನ್ನದಲ್ಲದ ಬೀಟೆಯನ್ನು ರೈತ ಏಕೆ ಪೋಷಿಸಬೇಕು? ಅದೇ ಜಾಗದಲ್ಲಿ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕನ್ನು ನೆಟ್ಟರೆ ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಧಾರವಾಗುತ್ತದೆ, ಕಡಿದು ಮಾರುವುದಕ್ಕೆ ದೇಶೀ ಮರಗಳಷ್ಟು ತೊಡಕೂ ಇಲ್ಲ. ಮರವನ್ನು ಉಳಿಸಬೇಕೆಂದು ಮಾಡಿದ ನಿಯಮವೇ ಹೀಗೆ ದೇಶೀ ಮರವನ್ನು ರೈತನ ಕಣ್ಣಿಗೆ ಹೊರೆಯಾಗಿ ತೋರಿಸಿತು. ರೈತರನ್ನು ಇದಕ್ಕಾಗಿ ದೂಷಿಸುವವರ ಜೊತೆ ನಾವು ಸೇರಲಾರೆವು. ಕಾನೂನು ತೆರೆದ ದಾರಿಯಲ್ಲಿಯೇ ಅವರು ನಡೆದಿದ್ದಾರೆ.

ಬದಲಾವಣೆಯ ವೇಗ ಹೆಚ್ಚಿದುದು ೨೦ನೆಯ ಶತಮಾನದ ಕೊನೆಯ ಪಾದದಲ್ಲಿ. ರಾಸಾಯನಿಕ ಗೊಬ್ಬರ ಬಂದ ಮೇಲೆ ಗದ್ದೆಗೆ ಸೊಪ್ಪಿನ ಅವಶ್ಯಕತೆ ಕಡಮೆಯಾಗಿ, ಬಾಣೆಯ ಮೂಲ ಪ್ರಯೋಜನವೇ ತಪ್ಪಿಹೋಯಿತು. ಹೆಚ್ಚು ಬಿಸಿಲನ್ನು ಸಹಿಸುವ ರೊಬಸ್ಟಾ ಕಾಫಿ ತಗ್ಗಿನ ಬಾಣೆಗಳಲ್ಲಿ ಹರಡಿತು. ೧೯೪೦ರ ದಶಕದಿಂದ ಕಾಫಿ ಮಂಡಳಿಯ ಮೂಲಕವೇ ನಡೆಯುತ್ತಿದ್ದ ಮಾರಾಟವು ೧೯೯೦ರ ದಶಕದಲ್ಲಿ ಮುಕ್ತವಾಗಿ, ಬೆಳೆಗಾರನು ಪೇಟೆಯ ಬೆಲೆಯನ್ನು ನೇರವಾಗಿ ಕಾಣುವಂತಾಯಿತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ೧೯೭೭ ಮತ್ತು ೧೯೯೭ರ ಸ್ಥಿತಿಗಳನ್ನು ಹೋಲಿಸಿ, ಈ ೨೦ ವರ್ಷಗಳಲ್ಲಿ ಜಿಲ್ಲೆಯ ಅರಣ್ಯಾವರಣದ ಕಾಲುಭಾಗಕ್ಕೂ ಮಿಕ್ಕು ನಷ್ಟವಾಯಿತೆಂದೂ ಕಾಫಿಯ ವಿಸ್ತಾರ ಸರಿಸುಮಾರು ಇಮ್ಮಡಿಯಾಯಿತೆಂದೂ ತೋರಿಸಿದ್ದಾರೆ. ಮೀಸಲು ಅರಣ್ಯಗಳ ಗಡಿ ಈ ಅವಧಿಯಲ್ಲಿ ಹೆಚ್ಚು ಕದಲಲಿಲ್ಲ. ನಷ್ಟವಾದುದು ಬಹುತೇಕ ಖಾಸಗಿ ಹಿಡುವಳಿಯ ಮರಗಾಡು, ಎಂದರೆ ನಾವು ಸೇತುವೆಯೆಂದು ಕರೆದ ಬಾಣೆ.

೧೯೯೬ರ ಡಿಸೆಂಬರ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಮೊಕದ್ದಮೆಯಲ್ಲಿ, ‘ಅರಣ್ಯ’ವೆಂಬ ಶಬ್ದವನ್ನು ಒಡೆತನ ಯಾರದೆಂದು ನೋಡದೆ ನಿಘಂಟಿನ ಅರ್ಥದಲ್ಲಿ ಗ್ರಹಿಸಬೇಕೆಂದು ಆದೇಶಿಸಿತು. ದಾಖಲೆಯ ಹೆಸರಿಗಿಂತ ನೆಲದ ಸ್ಥಿತಿ ಮುಖ್ಯವೆಂಬ ಈ ತತ್ತ್ವವು ಒಂದೂಮುಕ್ಕಾಲು ಶತಮಾನ ಮೊದಲೇ ಕೊಡಗಿಗೆ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಅಂಥ ಊಹೆಗಳು ಚರಿತ್ರಕಾರನ ಕೆಲಸವಲ್ಲ.

ಇನ್ನು ದೇವರಕಾಡುಗಳು. ಕೊಡಗಿನಲ್ಲಿ ೧,೨೧೪ ದೇವರಕಾಡುಗಳನ್ನು ಗುರುತಿಸಲಾಗಿದೆ. ಒಂದೊಂದು ಊರಿಗೆ ಒಂದೊಂದು, ಕೆಲವು ಊರಿಗೆ ಹಲವು. ಅಯ್ಯಪ್ಪ, ಭಗವತಿ, ಮಹಾದೇವ ಮೊದಲಾದ ದೇವತೆಗಳ ಹೆಸರಿನಲ್ಲಿ ಇವೆ. ಬೇಟೆಯ ದೇವರಾದ ಅಯ್ಯಪ್ಪನ ಕಾಡುಗಳಲ್ಲಿ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ಕುಳಿತಿರುವುದನ್ನು ನೋಡಿದವರು ಮರೆಯಲಾರರು. ಈ ಕಾಡುಗಳ ಆಡಳಿತವು ೧೯೦೫ರಲ್ಲಿ ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋಯಿತು, ೧೯೮೫ರಲ್ಲಿ ಮರಳಿ ಅರಣ್ಯ ಇಲಾಖೆಗೆ ಬಂದಿತು. ಹೋಗುವಾಗ ಅವುಗಳ ವಿಸ್ತಾರ ಸುಮಾರು ೧೫,೫೦೦ ಎಕರೆ. ಬರುವಾಗ ಸುಮಾರು ೬,೩೦೦ ಎಕರೆ. ಎಂಬತ್ತು ವರ್ಷಗಳಲ್ಲಿ ದೇವರ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಮನುಷ್ಯರ ನೆಲವಾಯಿತು. ಬದಿಯ ತೋಟಗಳು ವರ್ಷಕ್ಕಿಷ್ಟು ಒಳಸರಿದುವು, ಕೆಲವೆಡೆ ವಸತಿಗಳೆದ್ದುವು. ನಂಬಿಕೆ ಕಾಡನ್ನು ಕಾಯುತ್ತದೆಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಗಡಿಕಲ್ಲಿಲ್ಲದ ನಂಬಿಕೆ ದುರ್ಬಲವೆಂದು ಈ ಅಂಕೆಗಳು ಸಾರುತ್ತವೆ.

ಈಗ ಉಳಿದಿರುವ ವಿಸ್ತಾರವನ್ನು ದೇವರಕಾಡುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಒಂದಕ್ಕೆ ಐದು ಎಕರೆಯಷ್ಟು ಬರುತ್ತದೆ. ಐದು ಎಕರೆಯ ಚೌಕದ ಒಂದು ಬದಿ ಸುಮಾರು ೧೪೨ ಮೀಟರು. ಹೊರಗಿನ ಬಿಸಿಲು, ಗಾಳಿ, ಒಣಹವೆಗಳ ಪ್ರಭಾವ ನಾಲ್ಕೂ ಕಡೆಯಿಂದ ೫೦ ಮೀಟರು ಒಳಹೊಗುತ್ತದೆಂದು ಇಟ್ಟುಕೊಂಡರೆ, ಅಂಚಿನ ಪ್ರಭಾವಕ್ಕೆ ಸಿಕ್ಕದ ನಡುಗಾಡು ಒಂದು ಬದಿಗೆ ೪೨ ಮೀಟರಿನ ಚೌಕ. ಎಂದರೆ ಅರ್ಧ ಎಕರೆಗೂ ಕಡಮೆ. ಕಡತದಲ್ಲಿ ಐದು ಎಕರೆ, ಕಾಡಾಗಿ ಅರ್ಧ ಎಕರೆ. ವಿಸ್ತಾರಕ್ಕೂ ಆಕಾರಕ್ಕೂ ಇರುವ ವ್ಯತ್ಯಾಸವೆಂದು ಲೇಖನದ ಆದಿಯಲ್ಲಿ ನಾವು ಹೇಳಿದುದು ಇದನ್ನೇ.

ಆದರೂ ಈ ತುಂಡುಗಳು ನಿರರ್ಥಕವೆಂದು ಯಾರೂ ತಿಳಿಯಬಾರದು. ದೇವರಕಾಡು, ಕಾಫಿ ತೋಟ, ಮೀಸಲು ಅರಣ್ಯ ಈ ಮೂರನ್ನೂ ಹೋಲಿಸಿ ನಡೆಸಿದ, ೨೦೦೫ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಘಟ್ಟಕ್ಕೆ ವಿಶಿಷ್ಟವಾದ ಮರಗಳು ಮೀಸಲು ಅರಣ್ಯದಲ್ಲಿ ಹೆಚ್ಚಾಗಿದ್ದರೂ, ಅಳಿವಿನಂಚಿನಲ್ಲಿರುವ ಮರಗಳು ದೇವರಕಾಡುಗಳಲ್ಲಿಯೇ ಹೆಚ್ಚೆಂದು ಕಂಡುಬಂದಿದೆ. ದೊಡ್ಡ ಕಾಡು ಕಳೆದುಕೊಂಡುದನ್ನು ಸಣ್ಣ ತುಂಡುಗಳು ಇಟ್ಟುಕೊಂಡಿವೆ. ಆದರೆ ತುಂಡಿನಲ್ಲಿ ಉಳಿದ ಮರ ಮುಂದಿನ ತುಂಡಿಗೆ ತನ್ನ ಬೀಜವನ್ನು ಕಳುಹಿಸಬೇಕಾದರೆ ಅದನ್ನು ಒಯ್ಯುವ ಹಕ್ಕಿ ನಡುವಣ ತೋಟವನ್ನು ದಾಟಬೇಕು, ಅಲ್ಲಿ ಅದಕ್ಕೆ ಕುಳಿತುಕೊಳ್ಳಲು, ತಿನ್ನಲು ಮರವಿರಬೇಕು. ಅತ್ತಿ, ಆಲ, ಹಲಸು, ನೇರಿಲೆಗಳಿರುವ ಹಳೆಯ ತೋಟ ಹಕ್ಕಿಗೆ ದಾರಿಯಾಗುತ್ತದೆ. ಸಾಲುಸಾಲು ಸಿಲ್ವರ್ ಓಕುಗಳ ತೋಟದಲ್ಲಿ ಅದಕ್ಕೆ ತಿನ್ನುವ ಹಣ್ಣಿಲ್ಲ. ಆದುದರಿಂದ ದೇವರಕಾಡಿನ ಭವಿಷ್ಯವು ದೇವರಕಾಡಿನೊಳಗೆ ನಿರ್ಧಾರವಾಗುವುದಿಲ್ಲ, ಪಕ್ಕದ ತೋಟದ ಯಜಮಾನನು ಯಾವ ಮರವನ್ನು ಕಡಿದು ಯಾವುದನ್ನು ನೆಡುತ್ತಾನೆಂಬುದರ ಮೇಲೆ ನಿರ್ಧಾರವಾಗುತ್ತದೆ. ಅವನ ನಿರ್ಧಾರದ ಹಿಂದೆ ನಾವು ಮೇಲೆ ವಿವರಿಸಿದ ಮರದ ಹಕ್ಕಿನ ನಿಯಮವಿದೆ.

ಇತ್ತೀಚಿನ ದಶಕಗಳಲ್ಲಿ ಬಂದುದು ರೇಖೆಗಳ ಒಡಕು. ತೋಟವು ಕಾಡನ್ನು ಹಾಸಾಗಿ ತಿಂದರೆ, ರಸ್ತೆ ಮತ್ತು ವಿದ್ಯುತ್ ಮಾರ್ಗಗಳು ಅದನ್ನು ಗೀರುತ್ತವೆ. ಮೈಸೂರಿನಿಂದ ಕೋಳಿಕ್ಕೋಡಿಗೆ ಹೋಗುವ ೪೦೦ ಕಿಲೋವೋಲ್ಟ್ ಮಾರ್ಗಕ್ಕಾಗಿ ೨೦೧೫ರ ಸುಮಾರಿಗೆ ದಕ್ಷಿಣ ಕೊಡಗಿನಲ್ಲಿ ಮರಗಳನ್ನು ಕಡಿದಾಗ ಜಿಲ್ಲೆಯಲ್ಲಿ ದೊಡ್ಡ ವಿರೋಧವುಂಟಾಯಿತು. ೨೦೧೮ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಮಡಿಕೇರಿಯ ಸುತ್ತಣ ಗುಡ್ಡಗಳು ಕುಸಿದು ಪ್ರಾಣಹಾನಿಯಾದಾಗ, ರಸ್ತೆಗಾಗಿ, ಮನೆಗಳಿಗಾಗಿ ಇಳಿಜಾರನ್ನು ಲಂಬವಾಗಿ ಕಡಿದುದೂ ಅನಾಹುತವನ್ನು ಹೆಚ್ಚಿಸಿತೆಂದು ಭೂವಿಜ್ಞಾನಿಗಳು ಹೇಳಿದರು. ಮುಖ್ಯ ಕಾರಣ ಅಸಾಧಾರಣ ಮಳೆಯೇ. ಬಾಣೆಯೊಂದು ತೋಟವಾಗುವುದಕ್ಕಿಂತಲೂ ತೋಟವೊಂದು ನಿವೇಶನಗಳಾಗಿ ಮಾರಾಟವಾಗುವುದು ಹೆಚ್ಚು ಕಠಿಣವಾದ ಒಡಕು. ತೋಟದಿಂದ ಕಾಡಿಗೆ ಮರಳಲು ಮಾರ್ಗವಿದೆ, ನಿವೇಶನದಿಂದ ಇಲ್ಲ.

ಕೊನೆಯದಾಗಿ ಆನೆಯ ವಿಷಯ. ನಾಗರಹೊಳೆ ೧೯೫೫ರಲ್ಲಿ ಮೃಗಧಾಮವೂ ೧೯೮೮ರಲ್ಲಿ ರಾಷ್ಟ್ರೀಯ ಉದ್ಯಾನವೂ ಆಯಿತು. ಪಶ್ಚಿಮದಲ್ಲಿ ಬ್ರಹ್ಮಗಿರಿಯು ೧೯೭೪ರಲ್ಲಿ, ಪುಷ್ಪಗಿರಿ ಮತ್ತು ತಲಕಾವೇರಿಗಳು ೧೯೮೭ರಲ್ಲಿ ಅಭಯಾರಣ್ಯಗಳಾದುವು. ಎರಡು ಅಂಚುಗಳೂ ಹೀಗೆ ಭದ್ರವಾದಂತೆ ಕಂಡರೂ ನಡುವಣ ಸೇತುವೆಯನ್ನು ಆನೆ ಮರೆತಿಲ್ಲ. ಅದರ ಕಾಲಿನ ಕೆಳಗೆ ಈಗಿರುವುದು ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿಗಳ ಕಾಫಿ ತೋಟ. ಅಲ್ಲಿ ಹಲಸಿನ ಹಣ್ಣಿದೆ. ಕಾಫಿ ಹೂವಿಗೆ ನೀರು ಚಿಮುಕಿಸಲು ತೋಡಿದ ಕೆರೆಗಳಲ್ಲಿ ಬೇಸಗೆಯಲ್ಲಿಯೂ ನೀರಿದೆ. ಕೆಲವು ಹಿಂಡುಗಳು ತೋಟಗಳಲ್ಲಿಯೇ ನೆಲೆಸಿ ಅಲ್ಲಿಯೇ ಮರಿ ಹಾಕುತ್ತಿವೆ. ಮುಂಜಾನೆ ಕೆಲಸಕ್ಕೆ ಹೊರಡುವ ಕೂಲಿಯವರು ಅವುಗಳ ಕಾಲಿಗೆ ಸಿಕ್ಕಿ ಸಾಯುವ ವರದಿಗಳು ಪ್ರತಿ ವರ್ಷವೂ ಬರುತ್ತವೆ. ಇದಕ್ಕೆ ಉತ್ತರವಾಗಿ ಅರಣ್ಯದ ಅಂಚಿನಲ್ಲಿ ಕಂದಕಗಳನ್ನು ತೋಡಲಾಗಿದೆ, ಹಳೆಯ ರೈಲುಕಂಬಿಗಳ ಬೇಲಿ ಹಾಕಲಾಗಿದೆ. ಹಳೆಯ ಕಡಂಗಗಳು ಶತ್ರುವನ್ನು ನಾಡಿನ ಹೊರಗಿಡಲು ತೋಡಿದುವು. ಈ ಹೊಸ ಕಂದಕಗಳು ಆನೆಯನ್ನು ಕಾಡಿನೊಳಗಿಡಲು ತೋಡಿದುವು. ಹಲವೆಡೆ ಆನೆಗಳು ಈಗಾಗಲೇ ಕಂದಕದ ಈಚೆಗಿವೆ.